ಎರ್ಸಿಲಿಯಾ ತೊಳೆಯದೆ ಇಟ್ಟ ತಲೆ

ಟೈಬರ್ ನದಿಯ ದಂಡೆಯಲ್ಲಿ ಅಕಿಲ್ಲೆ ಧಣಿಯ ಹಳೇ ಶಿಲ್ಪಗಳ ಅಂಗಡಿ. ಹಿಂದಿನ ಅಂಗಳದಲ್ಲಿ ಮೂಗು ಒಡೆದ ದೇವರುಗಳಿಗೆ ಹೊಸ ಮೂಗು ಕೂರಿಸುವವನು ನಾನು. ಪಕ್ಕದ ತೊಟ್ಟಿಯಲ್ಲಿ ಅವರನ್ನು ಬೂದಿನೀರು ಹಾಕಿ ಉಜ್ಜುವವಳು ಎರ್ಸಿಲಿಯಾ. ದ್ರಾಕ್ಷಿತೋಟ ಅಗೆದಾಗ ಸಿಗುವ ಅಮೃತಶಿಲೆಯ ತಲೆಗಳಲ್ಲಿ ಒಮ್ಮೊಮ್ಮೆ ಹಳೇ ಬಣ್ಣ ಉಳಿದಿರುತ್ತದೆ. ತುಟಿಯಲ್ಲಿ ಕೆಂಪು, ಕೂದಲಲ್ಲಿ ಹಳದಿ. ಕೊಳ್ಳುವ ದೊಡ್ಡವರಿಗೆ ಅದು ಬೇಡ. ಹಳೇ ಕಾಲದ್ದು ಎಂದರೆ ಹಾಲಿನಂತೆ ಬೆಳ್ಳಗಿರಬೇಕಂತೆ. ಯಾರು ಹೇಳಿದರೋ, ಅವರ ತಲೆ!

ಎರ್ಸಿಲಿಯಾ ಬಾಯಿ ಜೋರಿನ ಹೆಂಗಸು. "ಇದೇನೋ, ನೆಗಡಿ ಹಿಡಿದಿರೋ ಮೂಗು ಮಾಡಿದೀಯ?" ಎಂದು ನನ್ನನ್ನು ಆಡಿಕೊಳ್ಳುತ್ತಿದ್ದಳು. ಮಗಳು ಪಲ್ಮೀರಾ ಚಳಿಜ್ವರದಲ್ಲಿ ಹೋದ ಮೇಲೆ ಆ ಬಾಯಿ ಕಟ್ಟಿತು. ಗಂಡ ನಜ್ಜರೇನೊ ಆಗ ಬೆಟ್ಟದಲ್ಲಿ ಇದ್ದಿಲು ಸುಡುತ್ತಿದ್ದ, ಮಣ್ಣಿಗೂ ಬರಲಾಗಲಿಲ್ಲ. ಈಸ್ಟರ್‌ಗೆ ಬಂದವನು, "ಅವಳ ಮುಖ ಕಣ್ಣಿಗೆ ಕಟ್ತಾ ಇಲ್ಲ ಕಣೇ. ಎಷ್ಟು ನೆನೆಸಿಕೊಂಡ್ರೂ ಬರಲ್ಲ" ಎಂದು ಅತ್ತನಂತೆ. ಪಟ ತೆಗೆಸುವ ಶಕ್ತಿ ನಮ್ಮಂಥವರಿಗೆಲ್ಲಿ?

ಆ ಬೇಸಿಗೆಯಲ್ಲಿ ಒಂದು ಹುಡುಗಿಯ ತಲೆ ಬಂತು. ಮಣ್ಣು ಸರಿಸಿದರೆ ಕಂದು ಕಣ್ಣು, ಒಂದೊಂದೇ ರೆಪ್ಪೆಗೂದಲು ಬಿಡಿಸಿ ಬರೆದದ್ದು. ಎರ್ಸಿಲಿಯಾ ಉಜ್ಜುವ ನಾರನ್ನು ಕೆಳಗಿಟ್ಟು ನನ್ನನ್ನು ಕರೆದಳು.

"ನಮ್ಮ ಪಲ್ಮೀರಾ ನೋಡೋ ಹಾಗೇ ನೋಡ್ತಿದೆ ಕಣೋ."

ನಿಜ. ಕಲ್ಲಿನಲ್ಲಿ ಹೋಲಿಕೆ ಅಷ್ಟಕ್ಕಷ್ಟೆ. ಎಲ್ಲ ಆ ಕಣ್ಣಿನಲ್ಲೇ ಇತ್ತು.

"ಭಾನುವಾರ ನಮ್ಮ ಯಜಮಾನ್ರು ಬರ್ತಾರೆ ಧಣಿ. ಅವರೊಂದು ಸಲ ನೋಡ್ಲಿ, ಆಮೇಲೆ ಉಜ್ಜಿಬಿಡ್ತೀನಿ" ಎಂದು ಬೇಡಿಕೊಂಡಳು.

"ನೋಡ್ಕೊಳ್ಳಲಿ, ನನಗೇನು? ಸೋಮವಾರ ಗಾಡಿ ಬರೋ ಹೊತ್ತಿಗೆ ಬೆಳ್ಳಗಿದ್ರೆ ಸರಿ" ಎಂದ ಧಣಿ.

ತೇವ ಆರಿದರೆ ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಉದುರುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಅದಕ್ಕೇ, ಮನೆಯಲ್ಲಿ ಕುರಿಹಾಲಿನ ಚೀಸ್ ಒಣಗದಂತೆ ಕಟ್ಟಿಡುವ ಹಾಗೆ, ತಲೆಯನ್ನು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದಳು. ಆಗಾಗ ನೀರು ಚಿಮುಕಿಸಿದಳು. "ಮೆತ್ತಗೆ ಕುಟ್ಟೋ, ಮಗು ಮಲಗಿದೆ" ಎಂದು ನನ್ನನ್ನು ಗದರಿದಳು. ಅವಳ ಬಾಯಿ ಮರಳಿ ಬಂತಲ್ಲ ಎಂದು ನನಗೆ ಖುಷಿಯಾಯಿತು.

ಭಾನುವಾರ ಇಗರ್ಜಿಯಿಂದ ನೇರ ಬಂದ ನಜ್ಜರೇನೊ, ಕ್ಷೌರ ಮಾಡಿಸಿಕೊಂಡು, ಟೋಪಿ ಕೈಯಲ್ಲಿ ಹಿಡಿದು. ಎರ್ಸಿಲಿಯಾ ಗಂಟು ಬಿಚ್ಚಿದಳು. ಬಟ್ಟೆ ಮುಖಕ್ಕೆ ಅಂಟಿಕೊಂಡಿತ್ತು, ಮೆಲ್ಲಗೆ ಎಳೆದಳು. ಕಣ್ಣುಗಳು ಬಟ್ಟೆಯ ಜೊತೆಗೇ ಎದ್ದು ಬಂದವು. ಬಟ್ಟೆಯ ಒಳಗೆ ಒಂದಿಷ್ಟು ಕಂದು ಕೆಸರು, ತುಸು ಕೆಂಪು. ಕಲ್ಲು ಬೋಳಾಗಿ, ಬೆಳ್ಳಗೆ, ಅಂಗಳದ ಬೇರೆಲ್ಲ ಕಲ್ಲುಗಳ ಹಾಗೇ ಇತ್ತು.

ಬಟ್ಟೆಯನ್ನು ಮತ್ತೆ ಅದೇ ಜಾಗಕ್ಕೆ ಒತ್ತಿದಳು, ತೆಗೆದು ನೋಡಿದಳು, ಮತ್ತೆ ಒತ್ತಿದಳು. ಮೂಗಾಗಿದ್ದರೆ ಮಾಡಿಕೊಡುತ್ತಿದ್ದೆ.

ನಜ್ಜರೇನೊ ಬಗ್ಗಿ ಬಹಳ ಹೊತ್ತು ನೋಡಿದ. ಪಾಪ, ಮನಸ್ಸಿಟ್ಟೇ ನೋಡಿದ.

"ಇದ್ಯಾರೇ?" ಎಂದ.

ಮರುದಿನ ಧಣಿ ಬಂದು ಆ ಕಲ್ಲಿನ ಕೆನ್ನೆ ಸವರಿ, "ಭೇಷ್ ಎರ್ಸಿಲಿಯಾ, ಇಷ್ಟು ಚೊಕ್ಕವಾಗಿ ನೀನು ಯಾವತ್ತೂ ತೊಳೆದಿರಲಿಲ್ಲ" ಎಂದ.