ಕುರಾಮೊಚಿಯವರು ಮೂರು ಸಲ ನಾರಾ ನೋಡಿ ಬಂದದ್ದು

ನಾನೂರು ವರ್ಷದ ಹಿಂದೆ ಒಂದೇ ದಿನದಲ್ಲಿ, ಒಂದು ದ್ರೋಹದಿಂದ ತೀರ್ಮಾನವಾದ ಸೆಕಿಗಹಾರಾ ಯುದ್ಧವನ್ನು ನಮ್ಮ ಬೀದಿಯ ಕುರಾಮೊಚಿ ತೆತ್ಸುಜಿಯವರ ಕೈಗೆ ವಹಿಸಿದ್ದರೆ ಜಪಾನಿನ ಚರಿತ್ರೆಯೇ ಬೇರೆಯಾಗುತ್ತಿತ್ತು. ಎರಡೂ ಕಡೆಯ ಸೈನಿಕರಿಗೆ ಹಿಂದಿನ ವಾರವೇ ಒಂದೊಂದು ಪುಟ್ಟ ಪುಸ್ತಕ ತಲುಪಿರುತ್ತಿತ್ತು: ‘ಬೆಳಿಗ್ಗೆ 7.50, ಮಂಜು ಕರಗುವುದನ್ನು ಕಾಯುವುದು. 8.00, ಯುದ್ಧ ಆರಂಭ. 10.05, ಶೌಚಾಲಯ (ಅವಸರ ಇಲ್ಲದವರೂ ಹೋಗಿ ಬರುವುದು). 12.00, ಊಟ. 2.15, ದ್ರೋಹ ಬಗೆಯುವವರು ಎಡಬದಿಯ ಗುಡ್ಡದ ಬಳಿ ಸೇರುವುದು.’ ಸಂಜೆ ನಾಲ್ಕೂವರೆಗೆ ತಲೆ ಎಣಿಸಿ ಎಲ್ಲರನ್ನೂ ಊರಿಗೆ ಹೊರಡಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ತಲೆ ಎಣಿಸುವುದು ಹೇಗೂ ಆಗಿನ ಪದ್ಧತಿಯೇ. ಇವರ ಯುದ್ಧದಲ್ಲಿ ಆ ತಲೆಗಳೆಲ್ಲ ಅವರವರ ಕುತ್ತಿಗೆಯ ಮೇಲೇ ಇರುತ್ತಿದ್ದವು, ಅಷ್ಟೇ ವ್ಯತ್ಯಾಸ.

ಇಂಥ ಪುಸ್ತಕಕ್ಕೆ ನಮ್ಮಲ್ಲಿ ಶಿಯೊರಿ ಎನ್ನುತ್ತಾರೆ. ಶಾಲೆಯವರು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಹೊರಡುವ ಹೊತ್ತು, ಇಳಿಯುವ ಹೊತ್ತು, ತರಬೇಕಾದ ಕರವಸ್ತ್ರ ಎಲ್ಲ ಬರೆದು, ಮಡಿಸಿ, ಪಿನ್ನು ಹೊಡೆದು ಕೊಡುತ್ತಾರೆ. ಉಳಿದ ನಾವೆಲ್ಲ ಶಾಲೆಯ ಜೊತೆಗೇ ಅದನ್ನು ಬಿಟ್ಟುಬಿಡುತ್ತೇವೆ. ಕುರಾಮೊಚಿಯವರು ಬಿಡಲಿಲ್ಲ. ಬೀದಿಯ ಸಂಘದವರು ಬಿಸಿನೀರಿನ ಬುಗ್ಗೆಗೆ ಹೊರಟರೆ ಅವರದೇ ಶಿಯೊರಿ. ಹಲ್ಲು ಕೀಳಿಸಿಕೊಳ್ಳಲು ಹೊರಟರೂ ಶಿಯೊರಿ. ಒಮ್ಮೆ ಫ್ಯೂಜಿ ಪರ್ವತ ಕಾಣುವ ತಿರುವಿನಲ್ಲಿ ನಮ್ಮ ಬಸ್ಸು ನಿಂತಾಗ ಪುಸ್ತಕ ತೆರೆದು ನೋಡಿದೆ. ‘10.42ರಿಂದ 10.45, ಆನಂದಪಡುವುದು’ ಎಂದಿತ್ತು. ಆಣೆ ಮಾಡಿ ಹೇಳುತ್ತೇನೆ, ಆ ಮೂರು ನಿಮಿಷ ನಾವು ಮೂವತ್ತೆರಡು ಜನ ಶಿಸ್ತಾಗಿ ಆನಂದಪಟ್ಟೆವು.

ಅವರ ಈ ಗುಣಕ್ಕೆ ಕಾರಣ ಅವರ ಉದ್ಯೋಗ ಎಂಬುದು ನನ್ನ ಸಿದ್ಧಾಂತ. ನಮ್ಮದು ಯಾಯಿಜು, ಮೀನಿನ ಬಂದರು. ನೂಡಲ್ ಬಟ್ಟಲಿನ ಮೇಲೆ ಗುಲಾಬಿ ಸುರುಳಿಯ ಬಿಳಿ ಬಿಲ್ಲೆ ತೇಲುತ್ತದಲ್ಲ, ಮೀನು ರುಬ್ಬಿ ಬೇಯಿಸಿ ಮಾಡುವಂಥದ್ದು, ಅದರ ಕಾರ್ಖಾನೆಯಲ್ಲಿ ಅವರು ಮೂವತ್ತೆಂಟು ವರ್ಷ ದುಡಿದರು. ಸುರುಳಿ ಸರಿಯಾಗಿ ನಡುವೆ ಕೂತಿದೆಯೇ ಎಂದು ನೋಡುವುದು ಅವರ ಕೆಲಸ. ಒಂದು ಕೂದಲೆಳೆ ಆಚೀಚೆಯಾದರೂ ಪಕ್ಕಕ್ಕಿಡಬೇಕು. ಮೂವತ್ತೆಂಟು ವರ್ಷ ಹಾಗೆ ನೋಡಿದ ಕಣ್ಣಿಗೆ ಲೋಕವೆಲ್ಲ ಸ್ವಲ್ಪ ಪಕ್ಕಕ್ಕೆ ಸರಿದ ಸುರುಳಿಯಂತೆ ಕಂಡರೆ ಆಶ್ಚರ್ಯವೇನು?

ನಾನು ಕ್ಷೌರಿಕ. ಬೀದಿಯ ತಲೆ ಬೋಳಿಸುವುದು ನನ್ನ ವೃತ್ತಿ. ಕಥೆ ಕಟ್ಟಿ ತಲೆ ಬೋಳಿಸುವುದು ಹವ್ಯಾಸ. ತಿಂಗಳಿಗೊಮ್ಮೆ ಕುರಾಮೊಚಿಯವರು ಬಂದು ಎಡಗಡೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಜೊತೆಗೆ ಅವರ ಹೆಂಡತಿ ಯಾಸುಯೊ ಬರುತ್ತಿದ್ದರು. ಅರವತ್ತೊಂಬತ್ತರಲ್ಲೂ ಅವರ ನಗು ಬೀದಿಯ ಎರಡೂ ತುದಿಗೆ ಕೇಳುತ್ತಿತ್ತು. ಗಂಡ ಗಡಿಯಾರ ನೋಡಿದಾಗಲೆಲ್ಲ ಅವರು ನಗುತ್ತಿದ್ದುದರಿಂದ ನಗುವಿಗೆ ಬರಗಾಲವೇ ಇರಲಿಲ್ಲ.

ಯಾಸುಯೊ ನಾರಾ ನೋಡಿರಲಿಲ್ಲ. ಜಪಾನಿನಲ್ಲಿ ನಾರಾ ನೋಡದ ಅಜ್ಜಿ ಸಿಗುವುದು ಕಷ್ಟ, ಏಕೆಂದರೆ ಆರನೇ ಕ್ಲಾಸಿನಲ್ಲಿ ಎಲ್ಲರನ್ನೂ ಆ ಹಳೆಯ ರಾಜಧಾನಿಗೆ ಎಳೆದೊಯ್ದು ಮಹಾಬುದ್ಧನ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಯುತ್ತಾರೆ. ಆ ವರ್ಷ ಯಾಸುಯೊಗೆ ಕೆಪ್ಪಟರಾಯ ಬಂದಿತ್ತು. ಎರಡೂ ಕೆನ್ನೆ ಊದಿಸಿಕೊಂಡು ಮನೆಯಲ್ಲಿ ಉಳಿದರು. ಗೆಳತಿಯರು ಮರಳಿ ಬಂದು ಬುದ್ಧನ ಮುಖ ಹೇಗಿತ್ತೆಂದು ಒಬ್ಬೊಬ್ಬರು ಒಂದೊಂದು ಹೇಳಿದರಂತೆ. ಒಬ್ಬಳು ನಿದ್ದೆಗಣ್ಣು ಎಂದಳು, ಒಬ್ಬಳು ಸಿಟ್ಟು ಎಂದಳು, ಇನ್ನೊಬ್ಬಳು ನಮ್ಮ ಹೆಡ್‌ಮಾಸ್ತರರ ಥರ ಎಂದಳು. ಯಾವುದು ನಿಜವೆಂದು ಹೋಗಿ ನೋಡಬೇಕೆಂಬ ಆಸೆಗೆ ಆಗಲೇ ಐವತ್ತೇಳು ವರ್ಷ ತುಂಬಿತ್ತು. ನಡುವೆ ಕಾರ್ಖಾನೆಯ ವರ್ಷಾಂತ್ಯದ ಅವಸರ, ಹಾಸಿಗೆ ಹಿಡಿದ ಅತ್ತೆ, ಮತ್ತೆ ಕಾರ್ಖಾನೆ.

ಕಳೆದ ಫೆಬ್ರವರಿಯಲ್ಲಿ ಯಾಸುಯೊ ಅವರ ಹೃದಯ ಪರೀಕ್ಷೆ ಮಾಡಿದ ಡಾಕ್ಟರು, “ಹೋಗಬೇಕು ಅಂದ್ಕೊಂಡಿರೋ ಕಡೆ ಬೇಗ ಹೋಗಿ ಬನ್ನಿ. ಜುಲೈ ಬೇಸಿಗೆ ತನಕ ಕಾಯಬೇಡಿ,” ಎಂದರು. ಇದಕ್ಕಿಂತ ಬಿಡಿಸಿ ಹೇಳುವುದು ಡಾಕ್ಟರರ ಜಾಯಮಾನವಲ್ಲ. ಕೇಳುವುದು ನಮ್ಮದೂ ಅಲ್ಲ.

ಆ ವಾರವೇ ಕುರಾಮೊಚಿಯವರು ನನ್ನ ಕುರ್ಚಿಯಲ್ಲಿ ಕೂತು ಘೋಷಿಸಿದರು. “ನಾರಾ. ಎರಡು ಹಗಲು, ಒಂದು ರಾತ್ರಿ.”

“ಅಬ್ಬಾ, ಅಂತೂ! ಯಾವಾಗ ಹೊರಡ್ತೀರಿ?”

“ಏಪ್ರಿಲ್‌ನಲ್ಲಿ ಮೊದಲು ನಾನೊಬ್ಬನೇ ಹೋಗಿ ಬರ್ತೀನಿ. ಶಿತಾಮಿ.”

ಶಿತಾಮಿ ಎಂದರೆ ಮುಂಚಿತವಾಗಿ ಹೋಗಿ ನೋಡಿ ಬರುವುದು. ಯಾರನ್ನಾದರೂ ಎಲ್ಲಿಗಾದರೂ ಕರೆದೊಯ್ಯುವ ಮೊದಲು, ಕರೆದೊಯ್ಯುವವನು ತಾನೇ ಒಮ್ಮೆ ಹೋಗಿ ದಾರಿ, ಬಾಗಿಲು, ಶೌಚಾಲಯ ಎಲ್ಲ ನೋಡಿಕೊಂಡು ಬಂದರೆ ಅವನು ಮರ್ಯಾದಸ್ಥ. ಮೇಷ್ಟ್ರುಗಳು ಮಾಡುತ್ತಾರೆ, ಮದುವೆ ಮಾಡಿಸುವವರು ಮಾಡುತ್ತಾರೆ. ಹೆಣ್ಣು ಕೊಡುವ ಮೊದಲು ನನ್ನ ಮಾವ ಗುರುತು ಹೇಳದೆ ಬಂದು ನನ್ನ ಕೈಯಲ್ಲಿ ಗಡ್ಡ ಮಾಡಿಸಿಕೊಂಡು ಹೋಗಿದ್ದರು. ತಮ್ಮ ಸ್ವಂತ ಗಂಟಲನ್ನೇ ಒಡ್ಡಿ ಮಾಡಿದ ಶಿತಾಮಿ ಅದು. ಆದ್ದರಿಂದ ನಾನು ಕತ್ತರಿ ನಿಲ್ಲಿಸಿ, “ಗಂಡ ಅಂದ್ರೆ ನೀವು, ಕುರಾಮೊಚಿ-ಸಾನ್!” ಎಂದೆ. ಬೀದಿಯಲ್ಲಿ ಅವರನ್ನು ಹೊಗಳಿದವರಲ್ಲಿ ನಾನೇ ಮೊದಲಿಗ.

ಯಾಸುಯೊ ಬೆಂಚಿನಿಂದ ಹೇಳಿದರು: “ರೀ, ಶಿತಾಮಿಗೇ ನಾನೂ ಬಂದುಬಿಡ್ತೀನಿ. ಕೆಲಸ ಒಂದೇ ಸಲಕ್ಕೆ ಮುಗಿಯುತ್ತೆ.”

“ಅಲ್ಲಿ ಕೂರೋಕೆ ಜಾಗ ಇಲ್ದಿದ್ರೆ?”

“ನೆಲದ ಮೇಲೆ ಕೂತ್ಕೋತೀನಿ.”

“ನೆಲ ಒದ್ದೆ ಇದ್ರೆ?”

“ನಿಮ್ಮ ಶಿಯೊರಿ ಹಾಸ್ಕೊಂಡು ಕೂತ್ಕೋತೀನಿ.”

“ತಮಾಷೆ ಅಲ್ಲ. ನಾನು ಕರ್ಕೊಂಡು ಹೋದವರಿಗೆ ತೊಂದರೆ ಆದ್ರೆ ಮುಖ ಎಲ್ಲಿಡೋದು?”

“ಕರ್ಕೊಂಡು ಹೋದವರಾ? ನಾನೇನು ನಿಮ್ಮ ಅತಿಥೀನಾ? ನಲವತ್ತೈದು ವರ್ಷದಿಂದ ನಿಮ್ಮ ಒಳಚಡ್ಡಿ ಒಗೀತಿದೀನಿ ಮಾರಾಯ್ರೆ!”

ನಾವೆಲ್ಲ ನಕ್ಕೆವು. ಕುರಾಮೊಚಿಯವರು ನಗಲಿಲ್ಲ. ಏಪ್ರಿಲ್ ನಡುವೆ ಒಂದು ಮುಂಜಾನೆ ಅಳತೆ ಪಟ್ಟಿ, ಪೆನ್ಸಿಲು, ಎರಡು ಅನ್ನದ ಉಂಡೆ ಕಟ್ಟಿಕೊಂಡು ರೈಲು ಹತ್ತಿದರು.

ಆ ಮೊದಲ ದಂಡಯಾತ್ರೆ ಸೋಲಿನಲ್ಲಿ ಮುಗಿಯಿತು. ಊರ ತುಂಬ ಶಾಲೆಯ ಮಕ್ಕಳು. ಗುಡ್ಡದ ಮೇಲಿನ ಗುಡಿಯ ಮೆಟ್ಟಿಲುಗಳನ್ನು ಮೂರು ಸಲ ಎಣಿಸಿದರೆ ಮೂರು ಲೆಕ್ಕ ಬಂತು. ಮೇಲಾಗಿ, ಉದ್ಯಾನದಲ್ಲಿ ನಿಂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ನಾರಾದ ಪವಿತ್ರ ಜಿಂಕೆಯೊಂದು ಹಿಂದಿನಿಂದ ಬಂದು ಶಿಯೊರಿಯ ಎರಡನೇ ದಿನದ ಮಧ್ಯಾಹ್ನವನ್ನು ತಿಂದುಹಾಕಿತು. ಬೀದಿಯ ಸಂಘದವರು ಇಪ್ಪತ್ತು ವರ್ಷದಿಂದ ಮಾಡಲು ಹೆದರಿದ್ದನ್ನು ಒಂದು ಜಿಂಕೆ ಮಾಡಿತ್ತು.

“ಗಾಲಿಕುರ್ಚಿ ಬೇಕಾಗುತ್ತೆ,” ಎಂದರು ಮರಳಿದವರು. “ಮೇ ತಿಂಗಳ ರಜೆ ಮುಗೀಲಿ. ವಾರದ ನಡುವೆ ಇನ್ನೊಂದು ಸಲ ನೋಡ್ಕೊಂಡು ಬರ್ತೀನಿ.”

ಮೇ ತಿಂಗಳಲ್ಲಿ ಹೋದರು. ಬೆಂಚುಗಳಿದ್ದವು, ಯಾವುದಕ್ಕೆ ಒರಗು ಇದೆ, ಯಾವುದಕ್ಕೆ ಇಲ್ಲ ಎಂದು ಬರೆದುಕೊಂಡು ಬಂದರು. ಮೆತ್ತಗೆ ಬೇಯಿಸಿದ ಚಹಾದ ಗಂಜಿ ಕೊಡುವ ಹೋಟೆಲು ಸಿಕ್ಕಿತು. ಎಲ್ಲ ಸರಿಯಾಯಿತು. ಒಂದೇ ಕೊರತೆಯೆಂದರೆ ಆ ದಿನ ಬಿಸಿಲಿತ್ತು.

“ಮಳೆ ಬಂದ್ರೆ ಏನ್ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ,” ಎಂದರು.

ಈ ಹೊತ್ತಿಗೆ ಯಾಸುಯೊ ನಮ್ಮ ಅಂಗಡಿಯವರೆಗೆ ನಡೆದು ಬರುವುದನ್ನು ಬಿಟ್ಟಿದ್ದರು. ಅವರ ಮನೆ ಎದುರು ಸಾಲಿನಲ್ಲೇ. ಜೂನ್ ಮೊದಲ ವಾರ ನಾನು ಹೋಗಿ ನೋಡಿದಾಗ ಕಿಟಕಿಯ ಬಳಿ ದಿಂಬಿಗೆ ಒರಗಿದ್ದರು. ಗಂಡ ಅಂಚೆ ಕಚೇರಿಗೆ ಹೋಗಿದ್ದರು.

“ನಾರಾ ಜಿಂಕೆಗಳಿಗೆಲ್ಲ ಈಗ ನಮ್ಮವರ ಪರಿಚಯ ಆಗೋಗಿರಬೇಕು,” ಎಂದರು. “ನಾನು ಹೋದ್ರೆ ‘ಯಾರಮ್ಮ ನೀನು, ಅವರ ಜೊತೆ ಬಂದಿದೀಯ’ ಅಂತ ಕೇಳ್ತಾವೆ ನೋಡಿ.”

ನಕ್ಕರು. ಆ ನಗು ಕಿಟಕಿಯಾಚೆಗೂ ಹೋಗಲಿಲ್ಲ. ಉಸಿರು ಹಿಡಿತಕ್ಕೆ ಬಂದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ನೀವು ಒಂದ್ಸಲ ಹೇಳಿ ಅವರಿಗೆ. ನಿಮ್ಮ ಮಾತು ಕೇಳ್ತಾರೆ. ನೋಡಿದ್ದು ಸಾಕು, ನಾಳೆ ಹೊರಡೋಣ ಅಂತ. ನೆನೆದ್ರೆ ನೆನೀತೀನಿ.”

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಎರಡು ದಿನದ ಮೇಲೆ ಕುರಾಮೊಚಿಯವರು ಕುರ್ಚಿಯಲ್ಲಿ ಕೂತಿದ್ದರು. ಕುತ್ತಿಗೆಗೆ ಬಟ್ಟೆ ಸುತ್ತಿ, ಧೈರ್ಯ ತಂದುಕೊಂಡು, “ಇಷ್ಟು ನೋಡಿದ್ದು ಸಾಲ್ದಾ, ಕುರಾಮೊಚಿ-ಸಾನ್?” ಎಂದೆ.

ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡಿದರು. “ಅಲ್ಲಿ ಹೋದ್ಮೇಲೆ ಮಳೆ ಹಿಡಿದು, ಅವಳಿಗೆ ಥಂಡಿ ಹತ್ತಿ, ಎದೆಗೆ ಬಂದ್ರೆ?”

ಊರಿಗೆಲ್ಲ ಉತ್ತರ ಕೊಡುವ ನನ್ನ ನಾಲಿಗೆ ಆಗ ಹೇಳಿದ್ದು ಎರಡೇ ಪದ. “ಅದೂ ನಿಜ.”

ಮಳೆಗಾಲ ಶುರುವಾಗಿದ್ದರೂ ಮಳೆ ಬರಲಿಲ್ಲ. ದಿನಾ ಬೆಳಿಗ್ಗೆ ಕುರಾಮೊಚಿಯವರು ಮಳೆಯ ಶಿತಾಮಿಗೆ ಸಿದ್ಧರಾಗಿ ಕೊಡೆ ಹಿಡಿದು ಮನೆ ಮುಂದೆ ನಿಂತು ನಿರ್ಮಲವಾದ ಆಕಾಶವನ್ನು ಶತ್ರುವಿನಂತೆ ನೋಡುತ್ತಿದ್ದರು. ತೋಫು ಅಂಗಡಿಯವನು, “ಇವತ್ತೂ ಇಲ್ವಾ? ನಾಳೆ ಖಂಡಿತ ಸುರಿಯುತ್ತೆ ಬಿಡಿ,” ಎಂದು ಸಮಾಧಾನ ಹೇಳುತ್ತಿದ್ದ. ನಾರಾದಲ್ಲಿ ಮಳೆಯಾಗಲಿ ಎಂದು ಇಡೀ ಬೀದಿ ಹಾರೈಸುತ್ತಿತ್ತು. ಆ ಮನೆಯ ಕಿಟಕಿಯಲ್ಲಿ ಕೂತವರು ಏನು ಹಾರೈಸುತ್ತಿದ್ದಾರೆಂದು ನನಗೊಬ್ಬನಿಗೆ ಗೊತ್ತಿತ್ತು.

ಜೂನ್ ಹದಿನೇಳರಂದು ಮಳೆ ಬಂತು. ಕುರಾಮೊಚಿಯವರು ಆರು ಗಂಟೆಯ ರೈಲಿಗೆ ಹೋದರು. ಹತ್ತು ಗಂಟೆಗೆ ನನ್ನ ಹೆಂಡತಿ ಸುಮಿಕೊ ಸಾರು ಕೊಡಲು ಹೋದಾಗ ಯಾಸುಯೊ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಆಂಬುಲೆನ್ಸಿಗೆ ಹೇಳಿ, ಆಮೇಲೆ ನಾನು ನಾರಾಕ್ಕೆ ಫೋನ್ ಮಾಡಿದೆ. ಅತ್ತ ಕಡೆ ಕೊಡೆಯ ಮೇಲೆ ಮಳೆ ಬಡಿಯುವುದು ಕೇಳುತ್ತಿತ್ತು.

“ಬರ್ತೀನಿ,” ಎಂದರು. ಎಷ್ಟು ಹೊತ್ತಿಗೆ ಬರುತ್ತೇನೆಂದು ಹೇಳದೆ ಅವರು ಫೋನ್ ಇಟ್ಟದ್ದು ಅದೇ ಮೊದಲು.

ಮೊಣಕಾಲ ತನಕ ನೆನೆದುಕೊಂಡು ಆಸ್ಪತ್ರೆಗೆ ಬಂದಾಗ ನಾಲ್ಕು ದಾಟಿತ್ತು. ಯಾಸುಯೊಗೆ ಎಚ್ಚರ ಬಂದಿತ್ತು. ಇನ್ನು ಎದ್ದು ಓಡಾಡುವುದು ಆಗದು ಎಂದು ಡಾಕ್ಟರು ಈ ಸಲ ಬಿಡಿಸಿಯೇ ಹೇಳಿದರು.

ಆಮೇಲೆ ಯಾಸುಯೊ ಬದುಕಿದ್ದು ಒಂಬತ್ತು ದಿನ. ಐದನೇ ದಿನವೋ ಆರನೇ ದಿನವೋ ನಾನು ಅಲ್ಲಿದ್ದೆ. “ಎಲ್ಲಿ, ನಿಮ್ಮ ಶಿಯೊರಿ ಓದಿ,” ಎಂದರು ಯಾಸುಯೊ. ಕುರಾಮೊಚಿಯವರು ಕನ್ನಡಕ ಹಾಕಿಕೊಂಡು ಮೊದಲಿಂದ ಓದಿದರು. ರೈಲಿನ ಯಾವ ಡಬ್ಬಿಯಿಂದ ಇಳಿದರೆ ಲಿಫ್ಟ್ ಹತ್ತಿರ, ಯಾವ ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಹಿಂದುಮುಂದಾಗಿ ಇಳಿಸಬೇಕು, ಮಳೆ ಬಂದರೆ ಯಾವ ಸೂರಿನ ಕೆಳಗೆ ಎಷ್ಟು ಜನ ನಿಲ್ಲಬಹುದು. ಯಾಸುಯೊ ಕಣ್ಣು ಮುಚ್ಚಿ ಕೇಳುತ್ತಿದ್ದರು.

“11.05, ಮಹಾಬುದ್ಧನ ಮಂಟಪ,” ಎಂದು ಓದಿದರು.

“ಹೇಗಿದಾನೆ ಬುದ್ಧ?”

ಕುರಾಮೊಚಿಯವರು ಪುಟ ನೋಡಿದರು. “ದೊಡ್ಡದಾಗಿದಾನೆ.”

“ಅಷ್ಟು ನಂಗೆ ಆರನೇ ಕ್ಲಾಸಲ್ಲೇ ಗೊತ್ತಿತ್ತು ರೀ. ಮುಖ ಹೇಗಿದೆ?”

ಅವರು ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು. “11.30, ಬೆಂಚು. ಒರಗು ಇರೋ ಬೆಂಚು,” ಎಂದು ಓದಿದರು.

ಯಾಸುಯೊ ನಕ್ಕರು. ಕೆಮ್ಮು ಬರುವ ತನಕ ನಕ್ಕರು. ನರ್ಸು ಬಂದು ನಮ್ಮಿಬ್ಬರನ್ನೂ ಬೈದು ಹೊರಗೆ ಕಳಿಸಿದಳು. ಶಿಯೊರಿಯ ಮುಖಪುಟದಲ್ಲಿ ಹೊರಡುವ ದಿನ ಜುಲೈ ಎರಡು ಎಂದಿತ್ತು. ಜೂನ್ ಇಪ್ಪತ್ತಾರರ ಬೆಳಿಗ್ಗೆ ಯಾಸುಯೊ ತೀರಿಕೊಂಡರು.

ನಲವತ್ತೊಂಬತ್ತನೇ ದಿನದ ಕರ್ಮ ಮುಗಿಯುವ ಹೊತ್ತಿಗೆ ನಾನು ಒಂದು ಕಥೆ ಕಟ್ಟಿ ಬೀದಿಗೆಲ್ಲ ಹಂಚಿಬಿಟ್ಟಿದ್ದೆ. ಬಾಯಿ ಬಿಡಬೇಕಾದಾಗ ಬಿಡದವನು ಆಮೇಲೆ ಸುಮ್ಮನಿರಲಾರ. ಕಥೆ ಇಷ್ಟು: ಮೂರು ಸಲ ಮಹಾಬುದ್ಧನ ಪಾದದವರೆಗೆ ಹೋಗಿಯೂ ಕುರಾಮೊಚಿಯವರು ತಲೆಯೆತ್ತಿ ಆ ಮುಖ ನೋಡಲಿಲ್ಲ. ಹೆಂಡತಿಗಿಂತ ಮೊದಲು ತಾನು ನೋಡಬಾರದು, ನೋಡಿದರೆ ಇಬ್ಬರೂ ಒಟ್ಟಿಗೇ ನೋಡಬೇಕು ಎಂದು ಕಣ್ಣನ್ನು ನೆಲಕ್ಕೆ ಕಟ್ಟಿಹಾಕಿಕೊಂಡಿದ್ದರು. ಇಂಥ ವ್ರತ ಹಿಡಿದವರು ಹಳೆಯ ಸಮುರಾಯ್‌ಗಳಲ್ಲೂ ಇಲ್ಲ. ತೋಫು ಅಂಗಡಿಯವನು ಇದನ್ನು ಕೇಳಿ ಅತ್ತ. ಸುಮಿಕೊ ಅತ್ತಳು. ಹೇಳಿ ಹೇಳಿ ನಾನೂ ನಂಬಿದೆ. ನಂಬಿದಾಗ ಎದೆ ಸ್ವಲ್ಪ ಹಗುರಾಗುತ್ತಿತ್ತು.

ಆಗಸ್ಟ್ ಕೊನೆಗೆ ಅವರು ಒಬ್ಬರೇ ಬಂದು ಎಡಗಡೆಯ ಕುರ್ಚಿಯಲ್ಲಿ ಕೂತರು. ಸುಮಾರು ಮೂರು ತಿಂಗಳ ಕೂದಲು ಬೆಳೆದಿತ್ತು. ಅರ್ಧ ಕತ್ತರಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅವರ ಬಾಯಿಂದಲೇ ಒಮ್ಮೆ ಕೇಳಿಬಿಡಬೇಕು ಎನ್ನಿಸಿತು.

“ಕುರಾಮೊಚಿ-ಸಾನ್, ಆ ಬುದ್ಧನ ಮುಖ... ಯಾಸುಯೊ-ಸಾನ್ ಜೊತೆಗೇ ನೋಡೋಣ ಅಂತ ಉಳಿಸ್ಕೊಂಡಿದ್ರಿ ಅಲ್ವಾ?”

ಅವರು ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ. ಬಟ್ಟೆಯ ಮೇಲೆ ಬಿದ್ದ ಬಿಳಿ ಕೂದಲು ನೋಡುತ್ತಿದ್ದರು.

“ಇಲ್ಲ,” ಎಂದರು. “ಗಾಲಿಕುರ್ಚಿಗೆ ಅಂತ ಹೊಸ್ತಿಲು ಅಳೀತಿದ್ದೆ. ಮೇಲೆ ನೋಡೋದು ಮರೆತೋಯ್ತು.”