ಆಯುಧಪೂಜೆಯ ದಿನದ ಬ್ಯಾಕಪ್

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಎದ್ದುಹೋಗುತ್ತಿದ್ದವನು ನಾನು. ಕಂಪ್ಯೂಟರ್ ಕೆಲಸ ಕಲಿತ ಮೇಲಂತೂ ಆ ಸೊಕ್ಕು ಇನ್ನಷ್ಟು ಹೆಚ್ಚಿತು. ಯಂತ್ರ ಹೇಳಿದ್ದಷ್ಟನ್ನೇ ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ ಎಂದು ಕಂಡಕಂಡವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಈಗ ಬರೆಯಹೊರಟಿರುವುದನ್ನು ನೀವು ನಂಬಲೇಬೇಕೆಂದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಶಿಡ್ಲಘಟ್ಟದಲ್ಲಿ ಒಂದು ಸಣ್ಣ ಧರ್ಮಾಸ್ಪತ್ರೆ ಇತ್ತು. ಅದನ್ನು ನಡೆಸುತ್ತಿದ್ದ ಡಾಕ್ಟರಮ್ಮ ಸುತ್ತಲ ಹಳ್ಳಿಗಳ ಕೊಳವೆಬಾವಿಗಳ ನೀರು ಪರೀಕ್ಷೆ ಮಾಡಿಸಿ, ಅಲ್ಲಿನ ಮಕ್ಕಳ ಹಲ್ಲು, ಮೂಳೆ ನೋಡಿ, ವರ್ಷಗಟ್ಟಲೆ ವಿವರ ಸೇರಿಸಿದ್ದರು. ನಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಕಂದುಗಟ್ಟಿದ, ಆಡುವ ವಯಸ್ಸಿಗೇ ಕಾಲು ಸೊಟ್ಟಗಾದ ಮಕ್ಕಳನ್ನು ನೋಡಿದವರಿಗೆ ಬೇರೆ ವಿವರಿಸಬೇಕಾಗಿಲ್ಲ. ದಸರಾ ಕಳೆದ ಮೇಲೆ ಅಧಿಕಾರಿಗಳ ಸಭೆ ಇತ್ತು. ಯಾವ ಊರಿನ ಯಾವ ಪಂಪು ಮುಚ್ಚಬೇಕು ಎನ್ನುವುದು ಈ ವಿವರದ ಮೇಲೆಯೇ ತೀರ್ಮಾನವಾಗಬೇಕಿತ್ತು. ಮೂಲ ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಉಳಿದದ್ದೆಲ್ಲ ಯಾರೋ ದಾನ ಕೊಟ್ಟ ಒಂದು ಕಂಪ್ಯೂಟರಿನಲ್ಲಿತ್ತು.

ಅದನ್ನು ನೋಡಿಕೊಳ್ಳಲು ನಾನು ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ರಾತ್ರಿ ಕರೆಂಟನ್ನು ನಂಬುವಂತಿರಲಿಲ್ಲ. ಹಾಗಾಗಿ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿಗೆ ಬ್ಯಾಕಪ್ ತಾನಾಗಿಯೇ ಶುರುವಾಗುವಂತೆ ಕಮಾಂಡ್ ಬರೆದಿಟ್ಟಿದ್ದೆ. ಅದು ಮೊದಲು ಲಾಗ್ ಎಂಬ ಫೈಲಿನಲ್ಲಿ ತಾರೀಕು, ವೇಳೆ ಹಾಕಿ 'ಶುರು' ಎಂದು ಬರೆಯುತ್ತಿತ್ತು. ಆಮೇಲೆ ಡಿಸ್ಕಿನಲ್ಲಿದ್ದುದನ್ನೆಲ್ಲ ಟೇಪಿಗೆ ನಕಲು ಮಾಡಿ, ಕೊನೆಗೆ ಲಾಗಿನಲ್ಲಿ 'ಮುಗಿಯಿತು' ಎಂದು ಬರೆಯುತ್ತಿತ್ತು. ಡಾಕ್ಟರಮ್ಮ ದಿನವೂ ಆ 'ಮುಗಿಯಿತು' ನೋಡಿಕೊಂಡೇ ಮನೆಗೆ ಹೋಗುತ್ತಿದ್ದರು.

ಆಯುಧಪೂಜೆಯ ಬೆಳಿಗ್ಗೆ ಅವರು ಜಂಗಮಕೋಟೆ ಕಡೆಯ ಒಂದು ಹಳ್ಳಿಯ ವಿವರವನ್ನು ಕೊನೆಯದಾಗಿ ಸೇರಿಸಿ ಎದ್ದರು. ಪ್ರಿಂಟ್ ತೆಗೆಯುವುದು ಹಬ್ಬ ಮುಗಿದ ಮೇಲೆ ಎಂದಾಯಿತು. ನಾನು ಹೊಸ ಟೇಪೊಂದನ್ನು ಬಿಚ್ಚಿ ಯಂತ್ರದೊಳಗೆ ಹಾಕಿ, ಮಧ್ಯಾಹ್ನ ಬ್ಯಾಕಪ್ ಆಗಬೇಕು, ಯಾರೂ ಆರಿಸಬೇಡಿ ಎಂದೆ. ಕುಂಕುಮ, ಸೇವಂತಿಗೆ ಹಾರ ಹಿಡಿದು ಕಾದು ನಿಂತಿದ್ದ ಆಯಾ ನರಸಮ್ಮನವರು ಕೇಳಬೇಕಲ್ಲ.

"ಡಾಕ್ಟ್ರಮ್ಮ ಸೂಜಿ, ಕತ್ರಿಗೆಲ್ಲ ರಜಾ ಕೊಟ್ಟವ್ರೆ. ಇದೇನು ಅದಕ್ಕಿಂತ ದೊಡ್ಡದಾ? ಪೂಜೆ ಮಾಡಿದ್ದನ್ನ ಇವತ್ತು ಮುಟ್ಟಬಾರ್ದು ಕಣಪ್ಪ. ಒಂದಿನ ಸುಮ್ನೆ ಕೂತ್ಕೊಳ್ಲಿ ಬಿಡು."

ಡಾಕ್ಟರಮ್ಮ ನಕ್ಕು ಅವರ ಪರ ನಿಂತರು. ನಾನೇ ಯಂತ್ರ ಆರಿಸಿದೆ. ನಾನೇ ಕರೆಂಟಿನ ವೈರು ಕಿತ್ತು, ಸುತ್ತಿ, ಪೂಜೆಯ ತಟ್ಟೆಯಲ್ಲಿಟ್ಟೆ. ನರಸಮ್ಮ ಅದಕ್ಕೂ ಕುಂಕುಮ ಇಟ್ಟರು. ಬೂದುಗುಂಬಳಕಾಯಿ ಒಡೆದು, ಕಡಲೆಪುರಿ ಹಂಚಿಕೊಂಡು, ಕೋಣೆಗೆ ಬೀಗ ಹಾಕಿ ನಾನು ಬಸ್ಸು ಹಿಡಿದೆ. ಊಟದ ಹೊತ್ತಿಗೆ ಮನೆಯಲ್ಲಿ ಒಬ್ಬಟ್ಟು ತಿನ್ನುತ್ತಿದ್ದೆ.

ರಜೆ ಕಳೆದು ಬೀಗ ತೆಗೆದಾಗ ಹಾರ ಬಾಡಿತ್ತು, ವೈರು ತಟ್ಟೆಯಲ್ಲೇ ಇತ್ತು. ಜೋಡಿಸಿ ಸ್ವಿಚ್ ಹಾಕಿದರೆ ಡಿಸ್ಕ್ ಕಟಕಟ ಸದ್ದು ಮಾಡಿ ನಿಂತುಹೋಯಿತು. ಬೆಂಗಳೂರಿನಿಂದ ಬೇರೆ ಡಿಸ್ಕ್ ತಂದು ಕೂರಿಸಿದೆ. ಒಳಗಿದ್ದ ಹೊಸ ಟೇಪನ್ನು ತೆಗೆದು ಪಕ್ಕಕ್ಕಿಟ್ಟು, ಹಳೆಯ ಟೇಪುಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಯಾವುದರಿಂದಲೂ ಏನೂ ಬರಲಿಲ್ಲ. ಪಕ್ಕದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕವಿತ್ತು. ಅಲ್ಲಿಂದ ಹಾರಿಬರುವ ಧೂಳು ಟೇಪು ಓಡಿಸುವ ಡ್ರೈವಿನೊಳಗೆ ಕೂತು, ಬರೆದದ್ದೆಲ್ಲ ಕೆಟ್ಟಿತ್ತು. ನಕಲು ಸರಿಯಾಯಿತೋ ಇಲ್ಲವೋ ಎಂದು ಪರೀಕ್ಷಿಸುವ ಕಮಾಂಡ್ ಇರಲಿಲ್ಲವಾದ್ದರಿಂದ, ಲಾಗ್ ಮಾತ್ರ ದಿನವೂ 'ಮುಗಿಯಿತು' ಎನ್ನುತ್ತಲೇ ಇತ್ತು.

ಡಾಕ್ಟರಮ್ಮ ಗೋಡೆಗೊರಗಿ ನಿಂತುಬಿಟ್ಟರು. ಅವರ ಮುಖ ನೋಡಲಾಗದೆ ನಾನು ಹಳೆಯ ಟೇಪುಗಳನ್ನು ಡಬ್ಬಿಗೆ ತುಂಬತೊಡಗಿದೆ. ಅವರು ಪಕ್ಕದಲ್ಲಿದ್ದ ಹೊಸ ಟೇಪು ತೋರಿಸಿ, ಅದನ್ನೂ ಹಾಕಿ ನೋಡಿ ಎಂದರು. ಅದು ಖಾಲಿ ಟೇಪು ಮೇಡಂ ಎಂದೆ, ಸಿಡುಕಿನಿಂದಲೇ. ಅವರು ಕೈ ಇಳಿಸಲಿಲ್ಲ. ಹಾಕಿದೆ.

ಪರದೆಯ ಮೇಲೆ ಹಳ್ಳಿಗಳ ಹೆಸರು ಒಂದರ ಕೆಳಗೊಂದು ಬರತೊಡಗಿದವು. ಎಲ್ಲಕ್ಕಿಂತ ಕೊನೆಯಲ್ಲಿ, ಹಬ್ಬದ ಬೆಳಿಗ್ಗೆ ಸೇರಿಸಿದ ಆ ಹಳ್ಳಿ. ಜೊತೆಗೆ ನಕಲಾಗಿ ಬಂದಿದ್ದ ಲಾಗ್ ತೆರೆದೆ. ಕೊನೆಯ ಸಾಲಿನಲ್ಲಿ ಆಯುಧಪೂಜೆಯ ತಾರೀಕು, ಊಟದ ವೇಳೆ, ಮುಂದೆ 'ಶುರು' ಎಂದಿತ್ತು. 'ಮುಗಿಯಿತು' ಇರಲಿಲ್ಲ. ಅದು ನಕಲಾದ ಮೇಲೆ ಬರೆಯುವ ಮಾತು, ಟೇಪಿಗೆ ಬರುವುದೇ ಇಲ್ಲ.

"ಇದು ಹೇಗೆ ಬಂತು ಅಂತ ಆಮೇಲೆ ಹುಡುಕಿ. ಮೊದಲು ಪ್ರಿಂಟ್ ತೆಗೀರಿ" ಎಂದರು ಡಾಕ್ಟರಮ್ಮ.

ಆಮೇಲೆ ಹುಡುಕಿದೆ. ಯಂತ್ರದ ಗಡಿಯಾರ ಸರಿಯಾಗಿಯೇ ಇತ್ತು. ನರಸಮ್ಮನವರನ್ನು ಕೇಳಿದರೆ, "ನಾ ಯಾಕಪ್ಪ ಮುಟ್ಲಿ? ಬೀಗದ ಕೈ ನಿನ್ ಜೇಬಲ್ಲೇ ಇತ್ತಲ್ಲ" ಎಂದರು. ನಿಜ, ಇದ್ದದ್ದು ಅದೊಂದೇ ಬೀಗದ ಕೈ. ಯಾರೋ ಒಳಗೆ ಹೋಗಿ ಯಂತ್ರ ಹಚ್ಚಿದ್ದರು ಎಂದೇ ಇಟ್ಟುಕೊಂಡರೂ, ಧೂಳು ತುಂಬಿದ ಆ ಡ್ರೈವ್ ಅದೊಂದು ದಿನ ಮಾತ್ರ ಸರಿಯಾಗಿ ಬರೆದದ್ದು ಹೇಗೆ? ನನಗಿಂತ ಬಲ್ಲವರನ್ನೂ ಕೇಳಿದೆ. ನೀನು ವೈರು ಕಿತ್ತಿರಲಿಕ್ಕಿಲ್ಲ ಎಂದು ನಕ್ಕರು. ಅವರ ಜಾಗದಲ್ಲಿದ್ದಿದ್ದರೆ ನಾನೂ ಹಾಗೇ ನಗುತ್ತಿದ್ದೆ.

ಸಭೆಯಾದ ಮೇಲೆ ಆ ಕೊನೆಯ ಹಳ್ಳಿಯ ಪಂಪಿನ ಹಿಡಿ ಬಿಚ್ಚಿದರು. ಕುಡಿಯಲು ಬೇರೆ ಕಡೆಯಿಂದ ನಲ್ಲಿ ಬಂತು. ವರ್ಷಗಳ ನಂತರ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದವನು ಒಂದು ಮನೆಯ ಮುಂದೆ ನೀರು ಕೇಳಿದೆ. ಹತ್ತು ಹನ್ನೊಂದರ ಹುಡುಗಿಯೊಬ್ಬಳು ಓಡಿಹೋಗಿ ಚೊಂಬು ತಂದಳು. ನಾನು ಗಟಗಟ ಕುಡಿಯುವುದನ್ನು ನೋಡಿ ನಕ್ಕಳು. ಹಲ್ಲು ಬೆಳ್ಳಗಿದ್ದವು. ಆ ಮಧ್ಯಾಹ್ನ ಯಂತ್ರಕ್ಕೆ ಕರೆಂಟು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳೆದುರು ನಿಂತಾಗ ಮಾತ್ರ, ಗೊತ್ತಾಗದಿದ್ದರೂ ಪರವಾಗಿಲ್ಲ ಎನ್ನಿಸಿತು.