ಬೆಟ್ಟಯ್ಯ ಮೇಷ್ಟ್ರ ಮಟ್ಟುಗಳನ್ನು ಕಾಯುವ ರಂಜಿನಿ

ಗುಂಡ್ಲುಪೇಟೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತರಕಾರಿ ಹೇರಿಕೊಂಡ ಕೇರಳದ ಲಾರಿಗಳು ಹೆದ್ದಾರಿಯಲ್ಲಿ ಒಂದರ ಹಿಂದೊಂದು ಸಾಗುತ್ತಿವೆ. ರಸ್ತೆಗೆ ಬೆನ್ನು ಮಾಡಿಕೊಂಡಿರುವ ಹೆಂಚಿನ ಮನೆಯ ನಡುಮನೆಯಲ್ಲಿ ಬೆಟ್ಟಯ್ಯ ಮೇಷ್ಟ್ರು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಾರೆ. ಎಡಗೈಗೆ ಎಟುಕುವಂತೆ ಕಂಪ್ಯೂಟರಿನ ಒಂದು ಹಳೆಯ ಕೀಬೋರ್ಡ್. ಒಂದನೇ ಅಂಕಿ ಒತ್ತುತ್ತಾರೆ. ಸದ್ದಿಲ್ಲ. ಎರಡು ಒತ್ತುತ್ತಾರೆ. ಆಗಲೂ ಇಲ್ಲ. ಆಮೇಲೆ ಮಂಚದ ಪಟ್ಟಿಯನ್ನು ಬೆರಳಿನಿಂದ ಕುಟ್ಟುತ್ತಾರೆ. ಮಗಳನ್ನು ಕರೆಯುವ ಬಗೆ ಅದು.

ಒಲೆಯ ಮುಂದಿದ್ದ ರಂಜಿನಿ ಕೈ ಒರೆಸಿಕೊಂಡು ಬರುತ್ತಾರೆ. ಮಂಚದ ಕೆಳಗೆ ಬಗ್ಗಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಮುಂದಕ್ಕೆಳೆದು, ಅಟ್ಟಣಿಗೆಯ ಮೇಲಿಂದ ಮಾನಿಟರ್ ಇಳಿಸಿ, ವೈರು ಸಿಕ್ಕಿಸಿ ನೆಲದ ಮೇಲೆ ಕೂರುತ್ತಾರೆ. ಪರದೆ ಬೆಳಗುತ್ತದೆ. ಯಂತ್ರ ಪಾಸ್‌ವರ್ಡ್ ಕೇಳಿಕೊಂಡು ಸುಮ್ಮನೆ ನಿಂತಿದೆ.

"ಕರೆಂಟ್ ಹೋಗ್ಬುಟ್ಟು ಬಂದದೆ, ಅಷ್ಟೇ. ಡಿಸ್ಕ್‌ನಲ್ಲಿ ಏನೋ ಎಡವಟ್ಟಾಗದೆ ಅಂತ ಅನುಮಾನ ಬಂದ್ರೆ ಇದು ಮುಂದಕ್ಕೆ ಹೋಗಕಿಲ್ಲ. ಸಣ್ಣಪುಟ್ಟದ್ದು ನೀನೇ ಸರಿ ಮಾಡ್ಕೊ ಅಂತ ಬರೆದಿಟ್ಟಿದ್ದೀನಿ. ದೊಡ್ಡದಾದ್ರೆ ನನ್ನೇ ಕಾಯ್ತದೆ. ಪರದೆ ಇಲ್ದಿದ್ದಾಗ ಅದು ಕಾಯ್ತಾ ಅದೆ ಅಂತ ಯಾರಿಗೆ ಗೊತ್ತಾಯ್ತದೆ?" ಎನ್ನುತ್ತಾ ರಂಜಿನಿ ಕಣ್ಣುಜ್ಜಿಕೊಳ್ಳುತ್ತಾರೆ. ಪಾಸ್‌ವರ್ಡ್ ಕೊಟ್ಟು, ರಿಪೇರಿಯ ಆಜ್ಞೆ ಬರೆದು, ಮತ್ತೆ ಒಲೆಯ ಕಡೆ ನಡೆಯುತ್ತಾರೆ. ಉಪ್ಪಿಟ್ಟು ಇಳಿಸುವ ಹೊತ್ತಿಗೆ ನಡುಮನೆಯಿಂದ ಹಾರ್ಮೋನಿಯಂ ಕೇಳಿಸುತ್ತದೆ, ಅದರ ಹಿಂದೆಯೇ ಮೇಷ್ಟ್ರ ಹಳೆಯ ದಿನಗಳ ತುಂಬುಗಂಟಲು. ಮಂಚದ ಮೇಲಿನ ಮೇಷ್ಟ್ರು ಕಣ್ಣು ಮುಚ್ಚುತ್ತಾರೆ.

ಹಂಗಳ, ಬೇಗೂರು ಸುತ್ತಿನಲ್ಲಿ ಬೆಟ್ಟಯ್ಯನವರನ್ನು ಗೊತ್ತಿಲ್ಲದವರು ಕಡಿಮೆ. ಊರೂರಿಗೆ ಹೋಗಿ ಪೌರಾಣಿಕ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಅವರು. ಹಾಡುಗಳಿಗೆ ಅವರು ಕೂರಿಸುತ್ತಿದ್ದ ಮಟ್ಟುಗಳಲ್ಲಿ, ಅಂದರೆ ಧಾಟಿಗಳಲ್ಲಿ, ಎಷ್ಟೋ ಸ್ವಂತದವು. ಸ್ವರ ಬರೆದಿಡುವ ಅಭ್ಯಾಸ ಅವರಿಗಿರಲಿಲ್ಲ. ತಾಲೀಮಿನಲ್ಲಿ ಪಕ್ಕಕ್ಕೊಂದು ಟೇಪ್‌ರೆಕಾರ್ಡರ್ ಇಟ್ಟುಕೊಳ್ಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು 'ಊಂ', 'ಉಹೂಂ'ಗಳಿಗೆ ಇಳಿಯಿತು. ಉಳಿದದ್ದು ಎರಡು ಟ್ರಂಕು ಕ್ಯಾಸೆಟ್ಟು, ಅವೂ ಬೂಷ್ಟು ಹಿಡಿಯುತ್ತಿದ್ದವು.

ರಂಜಿನಿಗೆ ಈಗ ಮೂವತ್ತೆರಡು. ಚಾಮರಾಜನಗರದ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ. ಹುಡುಗರು ಕೆಡಿಸಿದ್ದನ್ನು ಸಂಜೆಯೊಳಗೆ ಸರಿಮಾಡಿಡುವುದು ಅವರ ಕೆಲಸ. ಬೆಳಿಗ್ಗೆ ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹಿಡಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಬರುವಾಗ ಸೀಟು ಸಿಕ್ಕಿದ ದಿನ ನಿದ್ದೆ, ಸಿಗದ ದಿನ ಕಂಬಿಗೊರಗಿಕೊಂಡೇ ತೂಕಡಿಕೆ.

ಲ್ಯಾಬಿನವರು ಗುಜರಿಗೆ ಹಾಕಲಿದ್ದ ಒಂದು ಕಂಪ್ಯೂಟರನ್ನು ಅವರು ಕೇಳಿ ತಂದದ್ದು ಇದೇ ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು. ಅದಕ್ಕೆ ವಿಂಡೋಸ್ ಭಾರವಾಯಿತು. ಜೊತೆಗೆ ವೈರಸ್ಸಿನ ಕಾಟ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ.ಯಿಂದ ಲಿನಕ್ಸ್ ಹಾಕಿದರು. ಎಲ್ಲ ಸರಿಹೋಯಿತು, ಹಾಡು ಮಾತ್ರ ಕೇಳಿಸಲಿಲ್ಲ. ಸ್ಪೀಕರ್ ಬದಲಾಯಿಸಿದರು, ವೈರು ಬದಲಾಯಿಸಿದರು, ಸೌಂಡ್ ಕಾರ್ಡೇ ಸತ್ತಿದೆ ಎಂದುಕೊಂಡು ಅತ್ತೂಬಿಟ್ಟರು. ಕೊನೆಗೆ ನೋಡಿದರೆ, ಹೊಸದಾಗಿ ಹಾಕಿದ ಲಿನಕ್ಸ್ ಸದ್ದಿನ ದಾರಿಗಳನ್ನೆಲ್ಲ ಮುಚ್ಚಿಟ್ಟಿತ್ತು. ಒಂದೊಂದನ್ನೂ ತೆರೆ ಎಂದು ನಾವೇ ಹೇಳಬೇಕು. "ಬಾಯಿ ಮುಚ್ಕೊಂಡೇ ಹುಟ್ಟೋ ಕೂಸು ಇದು" ಎಂದು ಈಗ ನಗುತ್ತಾರೆ.

ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವೈರು ಎಳೆದು ಕ್ಯಾಸೆಟ್ಟುಗಳನ್ನು ತುಂಬಿಸತೊಡಗಿದರು. ಅದಕ್ಕೆ ಅಡ್ಡದಾರಿಯಿಲ್ಲ. ಕ್ಯಾಸೆಟ್ಟು ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತು ಕಾಯಬೇಕು. ಬೆಳಗಿನ ಜಾವದಲ್ಲಿ ಕರೆಂಟು ಒಂದೇ ಸಮ ಇರುತ್ತದೆಂದು ಎರಡು ವರ್ಷ ಕೋಳಿ ಕೂಗುವ ಮುಂಚೆ ಎದ್ದರು. ತಾಯಿ ರಾಚಮ್ಮ ಗೊಣಗುತ್ತಲೇ ಇದ್ದರು: "ಮಲಿಕೊ ಕಣಮ್ಮಿ, ಮೊಕ ನೋಡ್ಕೊ ಕನ್ನಡಿಲಿ. ಪದ ಎಲ್ಗೂ ಓಡೋಗಕಿಲ್ಲ."

ಕೀಬೋರ್ಡಿನ ಒಂದೊಂದು ಅಂಕಿಗೂ ಒಂದೊಂದು ನಾಟಕ ಎಂದು ರಂಜಿನಿ ಹೊಂದಿಸಿಕೊಟ್ಟ ದಿನದಿಂದ ಮೇಷ್ಟ್ರ ಮನೆ ಮತ್ತೆ ತಾಲೀಮಿನ ಮನೆಯಾಯಿತು. ಭಾನುವಾರ ಊರಿನವರು ಬಂದು ಜಗಲಿ ತುಂಬ ಕೂರುತ್ತಾರೆ. ಒಳಗಿನ ಪೆಟ್ಟಿಗೆ ಹಾಡುತ್ತದೆ, ಜಗಲಿಯ ಸ್ಪೀಕರಿನಲ್ಲಿ ಕೇಳಿಸುತ್ತದೆ, ಅವರು ಹಿಂದೆ ಹಾಡುತ್ತಾರೆ. ತಪ್ಪಿದರೆ ಮೇಷ್ಟ್ರು ಮಂಚ ಕುಟ್ಟುತ್ತಾರೆ. ಎಲ್ಲರಿಗೂ ಟೀ ಕಾಯಿಸುವವರು ರಂಜಿನಿ. ವಾರದ ಒಂದೇ ರಜೆ ಹಾಗೆ ಕಳೆಯುತ್ತದೆ.

ಹೋದ ವರ್ಷ ಹಂಗಳದ ತಂಡದ ನಾಟಕಕ್ಕೆ ದಿನ ಗೊತ್ತಾಗಿ, ಊರಿನಲ್ಲೆಲ್ಲ ಪೋಸ್ಟರ್ ಅಂಟಿಸಿಯಾಗಿತ್ತು. ತಂಡ ಕಟ್ಟಿದ್ದ ಟೆಂಪೋ ಡ್ರೈವರ್ ಶಿವಮಲ್ಲು ಅವರದ್ದೇ ರಾಜನ ಪಾತ್ರ. ಅಷ್ಟರಲ್ಲಿ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಡಿಸ್ಕ್ ಸಾಯುವ ಸದ್ದು ಅದು. ಒಂದು ಬೆಳಿಗ್ಗೆ ಮೇಷ್ಟ್ರು ಎಷ್ಟು ಒತ್ತಿದರೂ ಏನೂ ಬರಲಿಲ್ಲ. ಹಾಡುಗಳನ್ನು ಸಿ.ಡಿ.ಗೆ ಇಳಿಸುವ ಕೆಲಸ ಅರ್ಧವಾಗಿತ್ತು. ಹಂಗಳದವರ ನಾಟಕ ಉಳಿದರ್ಧದಲ್ಲಿತ್ತು. ಕ್ಯಾಸೆಟ್ಟುಗಳೂ ಮನೆಯಲ್ಲಿರಲಿಲ್ಲ. ಕಂಪ್ಯೂಟರಿಗೆ ಬಂದ ಮೇಲೆ ಇನ್ನೇಕೆಂದು ಮೇಷ್ಟ್ರು ಕೇಳಿದವರಿಗೆಲ್ಲ ತೆಗೆದುಕೊಂಡು ಹೋಗಿ ಎಂದು ಕೈ ತೋರಿಸಿಬಿಟ್ಟಿದ್ದರು. ವಿಚಾರಿಸಿ ಹುಡುಕಿದರೆ, ಬೇಕಾದ ಕ್ಯಾಸೆಟ್ಟಿನ ಮೇಲೆ ಯಾರೋ ಸಿನಿಮಾ ಹಾಡು ತುಂಬಿಸಿಕೊಂಡಿದ್ದರು.

ರಂಜಿನಿ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಊಟದ ಬ್ಯಾಗಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋದರು. ಅಲ್ಲಿ ಜನರೇಟರ್ ಇತ್ತು. ಲ್ಯಾಬಿನ ಮುಖ್ಯಸ್ಥ ಗಂಗಾಧರಸ್ವಾಮಿ ಎಲ್ಲ ಕೇಳಿಸಿಕೊಂಡು, "ಸ್ವಂತ ಕೆಲಸಕ್ಕೆ ಆಗಲ್ಲ ಅಂತ ಹೇಳ್ಬೇಕಮ್ಮ ನಾನು" ಎಂದರು. ಹಿಂದೆಯೇ, "ಆ ಮೂಲೆ ಮೆಷೀನಿಗೆ ಹಾಕು. ನಾನಂತೂ ನೋಡಿಲ್ಲ" ಎಂದು ಹೊರಗೆ ನಡೆದರು.

ಓದಲಾಗದ ಜಾಗವನ್ನು ಬಿಟ್ಟು ಮುಂದಕ್ಕೆ ಹೋಗಿ, ಆಮೇಲೆ ಮತ್ತೆ ಮತ್ತೆ ಅಲ್ಲಿಗೇ ಬಂದು ಪ್ರಯತ್ನಿಸುವ ಒಂದು ಪ್ರೋಗ್ರಾಂ ಲಿನಕ್ಸಿನಲ್ಲಿದೆ. ಹಾಡುಗಳನ್ನು ಹೊಸ ಡಿಸ್ಕಿಗೆ ಇಳಿಸಲು ಅದನ್ನು ಓಡಿಸಿ, ಹಳೆಯ ಡಿಸ್ಕಿಗೆ ಟೇಬಲ್ ಫ್ಯಾನ್ ತಿರುಗಿಸಿ, ರಂಜಿನಿ ತಮ್ಮ ಕೆಲಸಕ್ಕೆ ಹೋದರು. ಆ ವಾರವೆಲ್ಲ ಹುಡುಗರ ಕಂಪ್ಯೂಟರ್ ನೋಡುವುದು, ನಡುನಡುವೆ ಮೂಲೆಗೆ ಹೋಗಿ ಡಿಸ್ಕ್ ಮುಟ್ಟಿ ಬಿಸಿ ನೋಡುವುದು ಇದೇ ಆಯಿತು. "ಜ್ವರ ಬಂದ ಮಗೀನ ಮುಟ್ದಂಗೆ ಮುಟ್ತಿದ್ದೆ" ಎನ್ನುತ್ತಾರೆ. ಎಲ್ಲ ಹಾಡುಗಳೂ ಬದುಕಿ ಬಂದವು, ಒಂದನ್ನು ಬಿಟ್ಟು. ತಾಯಿ ಮಗನನ್ನು ಯುದ್ಧಕ್ಕೆ ಕಳಿಸುವ ಹಾಡಿನ ಮೊದಲ ನಾಲ್ಕು ಸಾಲಿನ ನಂತರ ಬರೀ ಗರಗರ ಸದ್ದು.

ಹಾಡಿನ ಮಾತು ನಾಟಕದ ಪುಸ್ತಕದಲ್ಲಿತ್ತು. ಮಟ್ಟು ಮೇಷ್ಟ್ರದ್ದು, ಪೂರ್ತಿಯಾಗಿ ಅವರ ತಲೆಯಲ್ಲಿ ಮಾತ್ರ ಇತ್ತು. ಅದನ್ನು ಹೊರಗೆ ತರಲು ಅವರಿಗೆ ಗಂಟಲೂ ಇರಲಿಲ್ಲ, ಬಲಗೈಯೂ ಇರಲಿಲ್ಲ. ಶಿವಮಲ್ಲು ಬಂದು ಜಗಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು. "ಆ ಪದ ಇಲ್ದಿದ್ರೆ ನಾಟ್ಕ ಏನ್ ಆಡನ ಕಣವ್ವ? ಜನ ಕಾಯ್ಕೊಂಡಿರದೇ ಅದ್ಕೆ" ಎಂದರು. ಬೇರೆ ಯಾವುದಾದರೂ ಮಟ್ಟಿನಲ್ಲಿ ಹಾಡಿಸಿಬಿಡಿ ಎಂದು ರಂಜಿನಿ ಹೇಳುತ್ತಿದ್ದಂತೆ ಒಳಗಿನಿಂದ ಮಂಚ ಕುಟ್ಟಿದ ಸದ್ದು ಜೋರಾಗಿ ಕೇಳಿಸಿತು. ಮೇಷ್ಟ್ರು ಮೂಲೆಯ ಹಾರ್ಮೋನಿಯಂ ಕಡೆ ಗದ್ದ ತೋರಿಸುತ್ತಿದ್ದರು.

ರಂಜಿನಿಗೆ ಮೇಷ್ಟ್ರು ಯಾವತ್ತೂ ಹಾರ್ಮೋನಿಯಂ ಕಲಿಸಿದವರಲ್ಲ. ಕಲಿಯಲು ಬರುತ್ತಿದ್ದವರೆಲ್ಲ ಗಂಡಸರು. ಬಾಗಿಲ ಹಿಂದೆ ನಿಂತು ಕೇಳಿದ್ದಷ್ಟೇ ರಂಜಿನಿಯ ವಿದ್ಯೆ. ಆ ದಿನ ಹಾರ್ಮೋನಿಯಂ ಪೆಟ್ಟಿಗೆಯನ್ನು ಮಂಚದ ಮೇಲೇರಿಸಿದರು. ಮೇಷ್ಟ್ರು ಎಡಗೈಯಿಂದ ಅದರ ಹಿಂಬದಿಯ ತಿದಿ ಒತ್ತಿ ಗಾಳಿ ಕೊಟ್ಟರು. ಮಗಳು ಸ್ವರದ ಮನೆಗಳ ಮೇಲೆ ಬೆರಳಿಟ್ಟು, ನೆನಪಿದ್ದಷ್ಟನ್ನು ಹುಡುಕುತ್ತಾ ಹಾಡಿದರು. ಸ್ವರ ಸರಿ ಬಂದರೆ ಗಾಳಿ ಬರುತ್ತಿತ್ತು. ತಪ್ಪಿದೊಡನೆ ಅಪ್ಪ ತಿದಿ ನಿಲ್ಲಿಸಿಬಿಡುತ್ತಿದ್ದರು. ಪೆಟ್ಟಿಗೆ ಮೂಕವಾಗುತ್ತಿತ್ತು. ಮತ್ತೆ ಹಿಂದಿನ ಸಾಲಿಗೆ ಹೋಗಬೇಕು.

"ಒಂದೇ ಒಂದ್ ಸಾಲಿಗೆ ಎಷ್ಟ್ ಸರ್ತಿ ನಿಲ್ಲಿಸ್ಬುಟ್ರು ಅಂತೀರಿ. ಕೋಪ ಬಂತು. 'ಅಪ್ಪ, ನಂಗಾಗಕಿಲ್ಲ, ಬುಟ್ಬುಡು' ಅಂದೆ. ಅಪ್ಪ ಬುಡ್ನಿಲ್ಲ, ಸುಮ್ನೆ ತಿದಿ ಒತ್ತಿದ್ರು. ಗಾಳಿ ಬಂದ್ಮೇಲೆ ಬೆರಳು ಸುಮ್ನಿರ್ತದಾ?" ಎಂದು ರಂಜಿನಿ ನೆನೆಯುತ್ತಾರೆ. ಕೊನೆಯ ಸಾಲಿನಲ್ಲಿ ಗಾಳಿ ಒಮ್ಮೆಯೂ ನಿಲ್ಲಲಿಲ್ಲ. ಹಾಡು ಮುಗಿಯಿತು. ಜಗಲಿಯಿಂದ ಎದ್ದುಬಂದು ಹೊಸ್ತಿಲಲ್ಲಿ ನಿಂತಿದ್ದ ಶಿವಮಲ್ಲು, "ಇನ್ನೊಂದ್ ಸಲ ಹೇಳವ್ವ, ಈಗ್ಲೇ ತುಂಬ್ಕೊ ಇದ್ನ" ಎಂದಷ್ಟೇ ಹೇಳಿದರು.

ಹಾಗೆ ಆ ಹಾಡು ಹೊಸ ಡಿಸ್ಕಿಗೆ ಸೇರಿದ್ದು ರಂಜಿನಿಯ ದನಿಯಲ್ಲಿ. ತಾಯಿಯ ಪಾತ್ರಕ್ಕೆ ಬಂದ ಕಲಾವಿದೆ ಅದನ್ನು ಕೇಳಿಯೇ ಕಲಿತರು. ನಾಟಕ ನಡೆಯಿತು. 'ಬೆಟ್ಟಯ್ಯ ಮೇಷ್ಟ್ರ ಸಂಗೀತ' ಎಂದು ಮೈಕಿನಲ್ಲಿ ಕೂಗಿದರು, ಮಗಳ ಹೆಸರು ಯಾರಿಗೂ ಹೊಳೆಯಲಿಲ್ಲ. ಕೂಗಿದ್ದರೂ ರಂಜಿನಿಗೆ ಕೇಳಿಸುತ್ತಿರಲಿಲ್ಲ. ಲ್ಯಾಬ್ ಪರೀಕ್ಷೆ ಮುಗಿಸಿ ನೇರ ಹಂಗಳಕ್ಕೆ ಬಂದಿದ್ದವರು ತಾಯಿಯ ಹೆಗಲಿಗೊರಗಿ ನಿದ್ದೆಹೋಗಿದ್ದರು. ಆ ಹಾಡೂ ಬಂದು ಹೋಯಿತು. "ಎಬ್ಬುಸ್ಬೇಕು ಅಂತ ಕೈ ಎತ್ದೆ, ಮನ್ಸು ಬರ್ನಿಲ್ಲ" ಎನ್ನುತ್ತಾರೆ ರಾಚಮ್ಮ.

ಈಗ ಹಾಡುಗಳೆಲ್ಲ ಎರಡೆರಡು ಡಿಸ್ಕಿನಲ್ಲಿವೆ, ಸಿ.ಡಿ.ಗಳಲ್ಲೂ ಇವೆ. ಬೇಗೂರಿನವರು ಹೊಸ ನಾಟಕಕ್ಕೆ ಬರುತ್ತಿದ್ದಾರೆ. ಹಾರ್ಮೋನಿಯಂ ಮತ್ತೆ ಮೂಲೆ ಸೇರಿಲ್ಲ. ವಾರಕ್ಕೊಮ್ಮೆಯಾದರೂ ಅಪ್ಪ ತಿದಿ ಒತ್ತುತ್ತಾರೆ, ಮಗಳು ಬೆರಳಿಡುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೆ ನಿಮಗೇನು ಬೇಕು ಎಂದರೆ ರಂಜಿನಿ ಬಸ್ಸಿಗೆ ಹೊತ್ತಾಯಿತೆಂದು ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಾರೆ. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ ತಿರುಗಿ ಹೇಳುತ್ತಾರೆ:

"ಒಂದ್ ವಾರ ಯಾರೂ ನನ್ನ ಏನೂ ಕೇಳ್ಬಾರ್ದು, ಅಷ್ಟೇ. ಹಾಡು ಬೇಕಾದ್ರೆ ಕೇಳ್ಕೊಳ್ಳಿ. ಅದ್ಕೆ ಬ್ಯಾಡ ಅನ್ನಕಿಲ್ಲ."